ಬೀ ದುರ್ಗ

ಅಕ್ತರ್ ಬೀಯ ಮನೆ ಗೋಡೆಗೆ ಸರ್ಕಾರದ ಬೋರ್ಡು ಹೊಡೆದ ದಿನ ಓಣಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಓದಿಕೊಂಡು ಹೋದರು. ಕೆಲವರಿಗೆ ಅರ್ಥವಾಗಲಿಲ್ಲ, ಅರ್ಥವಾದವರಿಗೆ ಹಿಡಿಸಲಿಲ್ಲ. 'ಸಮುದಾಯ ವಾಸ ಗೃಹ' ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ಹಿರಿಯೂರಿನಲ್ಲಿ ಆ ಮನೆಗೆ ಮುತ್ತಜ್ಜನ ಕಾಲದಿಂದ ಇದ್ದ ಹೆಸರು ಒಂದೇ, ಹಾಸಿಗೆ ಮನೆ. ಹತ್ತಿ ಎಕ್ಕಿ, ಹಾಸಿಗೆ ಹೊಲಿದು, ಊರಿನ ಮುಕ್ಕಾಲು ಪಾಲು ಮದುಮಕ್ಕಳನ್ನು ಮಲಗಿಸಿದ ಮನೆ ಅದು. ಗಂಡ ತೀರಿಕೊಂಡ ಮೇಲೆ ಎಕ್ಕುವ ಮಷಿನ್ನು ನಿಂತಿತ್ತು. ಗಂಡನ ಅಣ್ಣನ ಮಗ ದಿಲಾವರ್ ಅಷ್ಟಿಷ್ಟು ಹಾಸಿಗೆ, ದಿಂಬು ಮಾಡಿಸಿ ಗೂಡ್ಸ್ ಆಟೋದಲ್ಲಿ ಸಂತೆಗಳಿಗೆ ಒಯ್ಯುತ್ತಿದ್ದ. ಮುಂದಿನ ಎರಡು ಕೋಣೆ ಖಾಲಿ ಬಿದ್ದಿದ್ದವು.

ಆಗ ಬಂದವಳು ತೇಜಸ್ವಿನಿ. ಸರ್ಕಾರದ ಯೋಜನೆ ನಡೆಸುವ ಒಂದು ಸಂಸ್ಥೆಯ ಹುಡುಗಿ. ಬುದ್ಧಿ ಬೆಳೆಯದವರನ್ನು, ಕೈಕಾಲು ಬಾರದವರನ್ನು ದೊಡ್ಡ ಕಾಂಪೌಂಡಿನೊಳಗೆ ಸಾಲಾಗಿ ಮಲಗಿಸಿ ಬೀಗ ಹಾಕುವ ಕಾಲ ಮುಗಿಯಿತು, ಇನ್ನು ಮೇಲೆ ಅವರೂ ಎಲ್ಲರ ಹಾಗೆ ಊರೊಳಗೆ, ಓಣಿಯೊಳಗೆ, ಮೂರು ನಾಲ್ಕು ಜನ ಸೇರಿ ಒಂದು ಮನೆ ಮಾಡಿಕೊಂಡು ಇರಬೇಕು, ಇದು ಹೊಸ ನೀತಿ ಎಂದು ವಿವರಿಸಿದಳು. ಮನೆಗೆ ಬಾಡಿಗೆ ಕೊಡುತ್ತೇವೆ, ನೋಡಿಕೊಳ್ಳುವ ಕೆಲಸವೂ ನಿಮ್ಮದೇ ಎಂದಳು. ಅಕ್ತರ್ ಬೀ ಒಪ್ಪಿದಳು. ಪುಣ್ಯ ಕಟ್ಟಿಕೊಳ್ಳುವ ಆಸೆ ಅವಳಿಗೇನೂ ಇರಲಿಲ್ಲ. ಬಾಯಿ ಜೋರಿನ ಹೆಂಗಸು, ಜಗಳಕ್ಕೂ ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲದೆ ಗೋಡೆಯ ಹಲ್ಲಿಯನ್ನು ಬೈಯುತ್ತ ಕಾಲ ಹಾಕುತ್ತಿದ್ದಳು.

ಚಿತ್ರದುರ್ಗದ ಮಹಿಳಾ ನಿಲಯದಿಂದ ಮೂವರು ಬಂದರು. ಕಾಲು ಬಾರದ, ನಾಲಿಗೆ ಮಾತ್ರ ಸುಮ್ಮನಿರದ ಮಾಹೀರಾ. ಮಾತೇ ಆಡದ ಕೀರ್ತನಾ. ಮೂರನೆಯವಳು ಮಲ್ಲಕ್ಕ. ವಯಸ್ಸು ನಲವತ್ತು ದಾಟಿತ್ತು, ಬುದ್ಧಿ ಮಾತ್ರ ಅಂಗನವಾಡಿಯ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಎರಡು ಮಾತಿಗಿಂತ ಹೆಚ್ಚು ಒಟ್ಟಿಗೆ ಜೋಡಿಸಲು ಅವಳಿಗೆ ಬರುತ್ತಿರಲಿಲ್ಲ. 'ಬೀ, ಊಟ.' 'ಬೀ, ಮಳೆ.' ಅಕ್ತರ್ ಎಂಬುದು ನಾಲಿಗೆಗೆ ಹೊರಳದೆ ಬರೀ 'ಬೀ' ಎಂದು ಕರೆಯುತ್ತಿದ್ದಳು. ದಿನಕ್ಕೆ ನೂರು ಸಲ ಆ ಕರೆ ಕೇಳಿ ಅಕ್ತರ್ ಬೀ ರೇಗುತ್ತಿದ್ದಳು, ಸ್ವಲ್ಪ ಹೊತ್ತು ಕೇಳದಿದ್ದರೆ ಎದ್ದು ಹುಡುಕಿಕೊಂಡು ಹೋಗುತ್ತಿದ್ದಳು.

ಮಲ್ಲಕ್ಕ ದುರ್ಗದ ನಿಲಯ ಸೇರಿದ್ದೇ ಒಂದು ಕಥೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಇದೇ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಅಳುತ್ತ ನಿಂತಿದ್ದಳಂತೆ. ಊರು ಯಾವುದೆಂದು ಕೇಳಿದವರಿಗೆ 'ದುರ್ಗ' ಎಂದಿದ್ದಳು. ಈ ಸೀಮೆಯಲ್ಲಿ ದುರ್ಗ ಎಂದರೆ ಚಿತ್ರದುರ್ಗವೇ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ 'ದುರ್ಗ ದುರ್ಗ ದುರ್ಗ' ಎಂದು ಕೂಗುತ್ತಾನೆ, ಪೂರ್ತಿ ಹೆಸರು ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಯಾರೋ ಪುಣ್ಯಾತ್ಮರು ದುರ್ಗದ ಬಸ್ಸು ಹತ್ತಿಸಿದರು. ಅಲ್ಲಿ ಇಳಿದವಳನ್ನು ಕೇಳಿಕೊಂಡು ಒಬ್ಬರೂ ಬರಲಿಲ್ಲ. ಪೊಲೀಸರು ನಿಲಯಕ್ಕೆ ಸೇರಿಸಿದರು. ಹುಡುಗಿಯಾಗಿ ಒಳಗೆ ಹೋದವಳು ಕೂದಲು ನರೆತ ಮೇಲೆ ಹೊರಗೆ ಬಂದಳು.

ಕೆಲಸಕ್ಕೆ ಸೇರುವ ಮುಂಚೆ ಅಕ್ತರ್ ಬೀಗೆ ದುರ್ಗದಲ್ಲಿ ತರಬೇತಿ ಕೊಟ್ಟಿದ್ದರು. ಯಾರ ಜೊತೆ ಇರಬೇಕು, ಎಲ್ಲಿರಬೇಕು ಅನ್ನುವುದನ್ನು ಅವರನ್ನೇ ಕೇಳಬೇಕು, ನಾವು ನೀವು ತೀರ್ಮಾನಿಸುವುದಲ್ಲ ಎಂದು ಅಧಿಕಾರಿಯೊಬ್ಬರು ಮೈಕಿನಲ್ಲಿ ಬಹಳ ಚೆನ್ನಾಗಿ ಮಾತಾಡಿದ್ದರು. ಅದೆಲ್ಲ ಅಕ್ತರ್ ಬೀಗೆ ಅರ್ಧ ತಲೆಗೆ ಹೋಯಿತು, ಅರ್ಧ ಊಟದ ಹೊತ್ತಿನಲ್ಲಿ ಕಳೆದುಹೋಯಿತು. ಒಂದು ಮಾತು ಮಾತ್ರ ಮನಸ್ಸಿಗೆ ನಾಟಿತು. ಮನೆಯ ವಿಳಾಸವನ್ನು ಬಾಯಿಪಾಠ ಮಾಡಿಸಿರಿ, ದಾರಿ ತಪ್ಪಿದರೆ ಅದೊಂದೇ ಗತಿ ಎಂದಿದ್ದರು. ಊರ ಹೆಸರು ಸರಿಯಾಗಿ ಹೇಳಲಾರದೆ ಬಾಳೇ ಹೋದವಳು ಎದುರಿಗೇ ಕೂತಿರುವಾಗ ಆ ಮಾತು ನಾಟದೆ ಇರುತ್ತದೆಯೇ?

ಹಾಗಾಗಿ ದಿನಾ ಸಂಜೆ ದೀಪ ಹಾಕಿದ ಮೇಲೆ ಪಾಠ ಶುರುವಾಗುತ್ತಿತ್ತು. ಅಕ್ತರ್ ಬೀ ಹುರಿಗಡಲೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಯಾವೂರು ಎಂದರೆ ಹಿರಿಯೂರು ಅನ್ನಬೇಕು. ಯಾರ ಮನೆ ಎಂದರೆ ಹಾಸಿಗೆ ಮನೆ ಅನ್ನಬೇಕು. ಸರಿ ಹೇಳಿದರೆ ಅಂಗೈಗೆ ಒಂದು ಹಿಡಿ ಕಡಲೆ. ತಪ್ಪಿದರೆ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚುತ್ತಿತ್ತು. ಮಲ್ಲಕ್ಕ 'ದುರ್ಗ' ಬಿಟ್ಟು ಬೇರೇನೂ ಹೇಳದೆ ಒಂದು ಮಳೆಗಾಲ ಪೂರ್ತಿ ಕಡಲೆ ಕಳೆದುಕೊಂಡಳು. ಕೊನೆಗೊಂದು ದಿನ 'ಹಿರಿಯೂರು' ಎಂದು ಅಂಗೈ ಚಾಚಿದಾಗ ಅಕ್ತರ್ ಬೀ ಡಬ್ಬಿಯನ್ನೇ ಅವಳ ಮಡಿಲಿಗೆ ಸುರಿದಳು. ಅಲ್ಲಿಂದ ಯಾರು ಏನು ಕೇಳಿದರೂ ಸೈ, ಮಲ್ಲಕ್ಕ ಮೊದಲು ಹಿರಿಯೂರು ಎನ್ನುತ್ತಿದ್ದಳು, ಆಮೇಲೆ ಕೈ ಒಡ್ಡುತ್ತಿದ್ದಳು.

ಓಣಿಯೂ ನಿಧಾನಕ್ಕೆ ಒಗ್ಗಿಕೊಂಡಿತು. ಮೊದಮೊದಲು ಅವರು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದ ಹೆಂಗಸರು ಆಮೇಲೆ ಹಳೇ ದಿಂಬು ತಂದು ಕೊಡತೊಡಗಿದರು. ಮಲ್ಲಕ್ಕ ಅಂಗಳದಲ್ಲಿ ಕೂತು ಗಂಟುಗಟ್ಟಿದ ಹತ್ತಿಯನ್ನು ಬೆರಳಲ್ಲಿ ಬಿಡಿಸುತ್ತಿದ್ದಳು. ಒಂದು ದಿಂಬಿಗೆ ಎರಡು ದಿನ ಹಿಡಿಯುತ್ತಿತ್ತು, ಅರ್ಧ ಹತ್ತಿ ತಲೆಗೂದಲಿಗೇ ಅಂಟಿರುತ್ತಿತ್ತು. ಆದರೂ ಅವಳನ್ನು ಮೂಲೆ ಅಂಗಡಿಗೆ ಮೊಸರಿಗೆ ಕಳಿಸಿದರೆ ಅಂಗಡಿಯ ಅಸದ್ ಚಿಲ್ಲರೆ ಸರಿಯಾಗಿ ಕೊಟ್ಟು, ಅವಳು ಮನೆ ಮುಟ್ಟುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬೋರ್ಡಿನಲ್ಲಿ ಬರೆದಿದ್ದ ಸಮುದಾಯ ಅನ್ನುವುದು ಇದೇ ಇರಬೇಕು.

ಕೆಲಸವಿಲ್ಲದ ಹೊತ್ತಿನಲ್ಲಿ ಮಲ್ಲಕ್ಕನದು ಬಸ್ಸಿನ ಆಟ. ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗ ಕೈಯಿಂದ ಒರೆಸಿ ಅಕ್ತರ್ ಬೀಯನ್ನು ಕೂರಿಸಿಕೊಂಡು, ಕಂಡಕ್ಟರನ ದನಿಯಲ್ಲಿ ಕೂಗುತ್ತಿದ್ದಳು. 'ಹೊಳಲ್ಕೆರೆ... ಜಾಜೂರು... ದುರ್ಗ. ಇಳೀರಿ.' ಆಗ ಇಬ್ಬರೂ ಎದ್ದು ಒಂದು ಮೆಟ್ಟಿಲು ಇಳಿಯಬೇಕು. ಅಕ್ತರ್ ಬೀ ಮೊಣಕಾಲು ಹಿಡಿದುಕೊಂಡು ಬೈಯುತ್ತಲೇ ಇಳಿಯುತ್ತಿದ್ದಳು.

ಒಂದು ದಿನ ಈ ಆಟ ನಡೆಯುವಾಗ ದಿಲಾವರ್ ಆಟೋಕ್ಕೆ ಹಾಸಿಗೆ ಕಟ್ಟುತ್ತಿದ್ದ. ಹಗ್ಗ ಕೈಯಲ್ಲಿ ಹಿಡಿದವನು ಹಾಗೇ ನಿಂತ. 

"ಚಾಚಿ, ಹೊಳಲ್ಕೆರೆ ಬಿಟ್ಟು ಜಾಜೂರು ಕಡೆ ಹೋದ್ರೆ ದುರ್ಗ ಎಲ್ಲಿ ಬರ್ತೈತೆ? ದುರ್ಗ ಈ ಕಡೆಗೈತೆ. ಆ ದಾರಿಗೆ ಸಿಗೋದು ಬಿ.ದುರ್ಗ. ನಾನು ಆ ಊರಿಗೆ ದಿಂಬು ಹಾಕಿ ಬಂದಿದೀನಿ."

ಅಕ್ತರ್ ಬೀಗೆ ಆಗ ಹೊಳೆಯಿತು. ಇಪ್ಪತ್ತು ವರ್ಷ ಈ ಹುಡುಗಿ ತನ್ನೂರಿನ ಹೆಸರು ಸರಿಯಾಗಿಯೇ ಹೇಳಿದ್ದಳು. ಊರವರು ಬಿ.ದುರ್ಗವನ್ನು ಬಿ.ದುರ್ಗ ಎನ್ನುತ್ತಾರೆಯೇ? ಅವರ ಬಾಯಲ್ಲೂ ಅದು ಬರೀ ದುರ್ಗವೇ.

ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆಮೇಲೆ ಎಷ್ಟೋ ಸಲ ಅಕ್ತರ್ ಬೀ ಇದನ್ನೇ ಯೋಚಿಸಿ ಹಣೆ ಚಚ್ಚಿಕೊಂಡಿದ್ದುಂಟು. ಆದರೆ ಎಲ್ಲೋ ಒಬ್ಬ ತಾಯಿ ಇನ್ನೂ ದಾರಿ ನೋಡುತ್ತಿದ್ದರೆ ಅನ್ನುವ ಯೋಚನೆ ಬಂದ ಮೇಲೆ ಅವಳಿಗೆ ಅನ್ನ ಇಳಿಯಲಿಲ್ಲ. ಮರುದಿನವೇ ತೇಜಸ್ವಿನಿಗೆ ಫೋನು ಮಾಡಿದಳು. ತೇಜಸ್ವಿನಿ ವಿಚಾರಿಸಿದಳು. ವಾರ ತುಂಬುವ ಮೊದಲು ಮಲ್ಲಕ್ಕನ ಅಣ್ಣ ಜಂಪಣ್ಣ ಹಿರಿಯೂರಿಗೆ ಬಂದಿಳಿದ.

ಇಲ್ಲೇ ಪಕ್ಕದ ಹರಿಯಬ್ಬೆಯ ನೆಂಟರ ಮದುವೆಗೆ ಬಂದವರು ವಾಪಸು ಹೋಗುವಾಗ ಹಿರಿಯೂರು ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಅವಳ ಕೈ ಬಿಟ್ಟುಹೋಗಿತ್ತಂತೆ. ಹಿರಿಯೂರನ್ನೆಲ್ಲ ಜಾಲಾಡಿದರಂತೆ. ಅಷ್ಟು ಹೊತ್ತಿಗೆ ಅವಳು ಚಿತ್ರದುರ್ಗದಲ್ಲಿದ್ದಳು. ಸತ್ತಳೆಂದೇ ತಿಳಿದು ಫೋಟೋಕ್ಕೆ ಹಾರ ಹಾಕಿ, ವರ್ಷಾ ವರ್ಷಾ ಎಡೆ ಇಡುತ್ತಿದ್ದರಂತೆ. ತಾಯಿ ಆ ಕೊರಗಿನಲ್ಲೇ ತೀರಿಹೋಗಿದ್ದಳು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಆ ಗಂಡಸು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮಲ್ಲಕ್ಕ ಅವನ ಕಿವಿ ಹಿಡಿದು ನೋಡಿದಳು, ಮೀಸೆ ಮುಟ್ಟಿ ನೋಡಿದಳು. 'ಅವ್ವ?' ಎಂದಳು. ಅವ್ವ ಇಲ್ಲ ಎಂದ. 'ಹೂಂ' ಎಂದಳು.

ನೀತಿಯ ಪ್ರಕಾರ ಕುಟುಂಬ ಮೊದಲು. ಕುಟುಂಬ ಇಲ್ಲದವರಿಗೆ ಮಾತ್ರ ಇಂಥ ಮನೆ, ಇದ್ದವರು ಅವರವರ ಮನೆಯಲ್ಲೇ, ಅವರವರ ಊರಿನಲ್ಲೇ ಬದುಕಬೇಕು, ಸಮುದಾಯದ ಬದುಕು ಅಂದರೆ ಅದೇ ಎಂದು ತೇಜಸ್ವಿನಿ ಹೇಳಿದಳು. ಅವಳೇನು ಕಲ್ಲು ಮನಸ್ಸಿನವಳಲ್ಲ, ಅವಳ ಕಣ್ಣಲ್ಲೂ ನೀರಿತ್ತು. ಇಪ್ಪತ್ತು ವರ್ಷದ ಮೇಲೆ ಒಡಹುಟ್ಟಿದವರನ್ನು ಸೇರಿಸುವ ಭಾಗ್ಯ ಎಲ್ಲರಿಗೂ ಸಿಗುತ್ತದೆಯೇ? ಅಧಿಕಾರಿ ಬಂದರು. ಅವರು ಮೈಕಿನಲ್ಲಿ ಹೇಳಿದ್ದನ್ನು ಮರೆತಿರಲಿಲ್ಲ, ಮಲ್ಲಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತು ಅವಳ ಇಷ್ಟವನ್ನೇ ಕೇಳಿದರು. ಅಣ್ಣನ ಮನೆಗೆ ಹೋಗ್ತೀಯಾ? ಹೂಂ. ನಿಮ್ಮೂರಿಗೆ ಹೋಗ್ತೀಯಾ? ಹೂಂ. ಖುಷಿನಾ? ಹೂಂ.

ಮಲ್ಲಕ್ಕ ಯಾವುದಕ್ಕೆ ಹೂಂ ಅನ್ನುವುದಿಲ್ಲ? ಬಾವಿಗೆ ಹಾರ್ತೀಯಾ ಎಂದರೂ ಅನ್ನುತ್ತಾಳೆ. ಇಪ್ಪತ್ತು ವರ್ಷ ನಿಲಯದಲ್ಲಿ ಕಲಿತದ್ದು ಅದೊಂದೇ ವಿದ್ಯೆ, ಹೂಂ ಎಂದರೆ ಯಾರೂ ಬೈಯುವುದಿಲ್ಲ. ಈ ಮಾತು ಅಕ್ತರ್ ಬೀಯ ಗಂಟಲವರೆಗೆ ಬಂತು. ಎದುರಿಗೆ ಜಂಪಣ್ಣ ತಂಗಿಯ ಕೈ ಹಿಡಿದು ಕೂತಿದ್ದ. ಹಲ್ಲಿಯನ್ನೂ ಬಿಡದೆ ಬೈಯುವ ಬಾಯಿಗೆ ಅವತ್ತು ಮಾತು ಹೊರಡಲಿಲ್ಲ. ನಾನು ಯಾರು ತಡೆಯೋದಕ್ಕೆ ಎಂದುಕೊಂಡಳು.

ಕರೆದೊಯ್ಯಲು ಇನ್ನೂ ಸ್ವಲ್ಪ ದಿನವಿತ್ತು. ತೇಜಸ್ವಿನಿ ಹೋಗುವಾಗ ಒಂದು ಮಾತು ಹೇಳಿ ಹೋದಳು. ಅಲ್ಲಿ ಹೋಗಿಯೂ ಹಿರಿಯೂರು ಹಿರಿಯೂರು ಅನ್ನುತ್ತಿದ್ದರೆ ಮನಸ್ಸು ನಿಲ್ಲುವುದಿಲ್ಲ, ಈಗಿನಿಂದಲೇ ಅವಳ ಊರಿನ ಹೆಸರು ರೂಢಿ ಮಾಡಿಸಿ, ಈ ಸಲ ಬರೀ ದುರ್ಗ ಬೇಡ, ಪೂರ್ತಿ ಹೆಸರು ಎಂದಳು. ನ್ಯಾಯವಾದ ಮಾತು. ಹಾಗೆ ಸಂಜೆಯ ಪಾಠ ತಿರುಗುಮುರುಗಾಯಿತು. ಮಲ್ಲಕ್ಕ 'ಹಿರಿಯೂರು' ಎಂದು ಅಂಗೈ ಚಾಚಿದರೆ ಡಬ್ಬಿ ಟಪ್ಪೆಂದು ಮುಚ್ಚತೊಡಗಿತು. ಮೊದಲ ದಿನ ಅವಳಿಗೆ ಅರ್ಥವಾಗಲಿಲ್ಲ, ಕೇಳಿಸಲಿಲ್ಲವೇನೋ ಎಂದು ಜೋರಾಗಿ ಹೇಳಿದಳು. ಮತ್ತೆ ಹೇಳಿದಳು. ಆಮೇಲೆ ಅತ್ತಳು. ಅಕ್ತರ್ ಬೀ ಕಲ್ಲಿನ ಹಾಗೆ ಕೂತು 'ಹಿರಿಯೂರಲ್ಲ, ಬಿ.ದುರ್ಗ' ಎನ್ನುತ್ತಿದ್ದಳು. ಮಾಹೀರಾ ಒಳಗಿನಿಂದ, ಸಾಕು ಬಿಡಮ್ಮ, ಕಟುಕರ ಹಾಗೆ ಆಡ್ತೀಯಲ್ಲ ಎಂದು ಕೂಗಿದಳು. ಅದು ನಿಜವೇ ಎಂದು ಅಕ್ತರ್ ಬೀಗೂ ಅನ್ನಿಸಿತು. ಆದರೂ ಬಿಡಲಿಲ್ಲ.

ಆಶ್ಚರ್ಯವೆಂದರೆ ಈ ಸಲ ಮಳೆಗಾಲವೇನೂ ಬೇಕಾಗಲಿಲ್ಲ. ಬಿ.ದುರ್ಗ ಅನ್ನುವುದನ್ನು ಒಂದು ಸಂಜೆ ಮಲ್ಲಕ್ಕ ಕಿವಿಗೊಟ್ಟು ಕೇಳಿದಳು. ಮುಖ ಅರಳಿತು. ಬೆರಳನ್ನು ಅಕ್ತರ್ ಬೀಯ ಎದೆಗೆ ಒತ್ತಿ "ಬೀ" ಎಂದಳು. ಆಮೇಲೆ ಬಾಗಿಲ ಕಡೆ ಕೈ ತೋರಿಸಿ "ದುರ್ಗ" ಎಂದಳು. ಬೀ, ಊಟ. ಬೀ, ಮಳೆ. ಬೀ, ದುರ್ಗ.

ಅಕ್ತರ್ ಬೀಗೆ ಎಲ್ಲ ಅರ್ಥವಾಯಿತು. ದುರ್ಗಕ್ಕೆ ಬೀಯೂ ಬರುತ್ತಾಳೆ ಎಂದು ಹುಡುಗಿ ತಿಳಿದುಕೊಂಡಿದ್ದಾಳೆ. ತಿದ್ದಬೇಕಿತ್ತು. ತಿದ್ದಿದರೆ ಮತ್ತೆ ಅಳುತ್ತಾಳೆ, ಮತ್ತೆ ಹಿರಿಯೂರು ಎನ್ನುತ್ತಾಳೆ, ಮತ್ತೆ ಡಬ್ಬಿ ಮುಚ್ಚಬೇಕು. ಕೇಳುವವರ ಕಿವಿಗೆ ಉತ್ತರ ಸರಿಯಾಗಿದೆ, ಅಷ್ಟು ಸಾಕಲ್ಲ. ಡಬ್ಬಿ ತೆಗೆದು ಅಂಗೈ ತುಂಬ ಕಡಲೆ ಹಾಕಿದಳು.

ಹೊರಡುವ ದಿನ ಮಲ್ಲಕ್ಕ ಹೊಸ ಸೀರೆ ಉಟ್ಟು ಖುಷಿಯಾಗಿ ಜೀಪು ಹತ್ತಿದಳು. ಓಣಿಯವರೆಲ್ಲ ಸೇರಿದ್ದರು. ಸೀಟಿನ ಪಕ್ಕದ ಜಾಗವನ್ನು ಕೈಯಿಂದ ಒರೆಸಿ ಅಕ್ತರ್ ಬೀಯ ಕಡೆ ನೋಡಿದಳು. ಅಲ್ಲಿ ಜಂಪಣ್ಣ ಹತ್ತಿ ಕೂತ, ಜೀಪು ಹೊರಟಿತು. ತಿರುವಿನವರೆಗೂ ಅವಳ ತಲೆ ಹಿಂದಕ್ಕೇ ತಿರುಗಿತ್ತು.

ತಿಂಗಳಾದ ಮೇಲೆ ತೇಜಸ್ವಿನಿ ಬಿ.ದುರ್ಗಕ್ಕೆ ಹೋಗಿ ನೋಡಿ ಬಂದು, ಚೆನ್ನಾಗಿದ್ದಾಳೆ, ಅತ್ತಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದರು ಎಂದಳು. ಮಲ್ಲಕ್ಕನ ಚಾಪೆಯ ಜಾಗಕ್ಕೆ ನಿಲಯದಿಂದ ಇನ್ನೊಬ್ಬ ಹೆಂಗಸನ್ನು ಕಳಿಸಿಕೊಟ್ಟರು. ಅವಳಿಗೆ ಅಕ್ತರ್ ಬೀ ಹೊತ್ತಿಗೆ ಊಟ ಹಾಕಿದಳು, ಸ್ನಾನ ಮಾಡಿಸಿದಳು, ವಿಳಾಸ ಮಾತ್ರ ಕಲಿಸಲಿಲ್ಲ. ಕಡಲೆ ಡಬ್ಬಿ ಅಟ್ಟ ಸೇರಿತು. ಹಲ್ಲಿಗೂ ಈಗ ಬೈಗುಳ ಬೀಳುತ್ತಿರಲಿಲ್ಲ.

ಬೇಸಿಗೆಯಲ್ಲಿ ದಿಲಾವರ್ ಹೊಳಲ್ಕೆರೆ ಸಂತೆಯಿಂದ ಬಂದವನು ಊಟಕ್ಕೆ ಕೂತು ಸುದ್ದಿ ಹೇಳಿದ. ಮಲ್ಲಕ್ಕ ಅಲ್ಲಿನ ಬಸ್ ಸ್ಟ್ಯಾಂಡಿಗೆಲ್ಲ ಪರಿಚಯವಾಗಿಬಿಟ್ಟಿದ್ದಾಳಂತೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಇಂಥವಳನ್ನು ಕೇಳುವವರು ಯಾರು, ಯಾವಾಗ ಬೇಕಾದರೂ ಹತ್ತಿ ಬಂದು ಇಳಿಯುತ್ತಾಳಂತೆ. ಇಳಿದು ಪ್ರತಿ ಬಸ್ಸಿನ ಕಿಟಕಿಯಲ್ಲೂ ಇಣುಕುತ್ತ ಒಂದೇ ಸಮ ಊರ ಹೆಸರು ಹೇಳಿಕೊಂಡು ಅಳುತ್ತಾಳಂತೆ. "ಪಾಪ, ಊರು ಸರಿಯಾಗಿ ಹೇಳ್ತಾಳಂತೆ ಚಾಚಿ. 'ಬಿ, ಬಿ' ಅಂತಾಳಂತೆ. ಹೂವಿನೋರೋ ಕಂಡಕ್ಟರೋ ಬಿ.ದುರ್ಗದ ಬಸ್ಸು ಹತ್ತಿಸಿ ಕಳಿಸ್ತಾರಂತೆ. ನೀನು ಕಲಿಸಿದ್ದು ಒಳ್ಳೇದೇ ಆತು."

ಅಕ್ತರ್ ಬೀಯ ಕೈಯಲ್ಲಿದ್ದ ಸೌಟು ಸಾರಿಗೆ ಬಿತ್ತು. ಅವಳು ಊರು ಹೇಳುತ್ತಿಲ್ಲ. ಅವಳು ಕರೆಯುತ್ತಿದ್ದಾಳೆ. ಪ್ರತಿ ಸಲ ಕರೆದಾಗಲೂ ಒಳ್ಳೆಯ ಜನ ಅವಳನ್ನು ಎತ್ತಿ ಉಲ್ಟಾ ದಿಕ್ಕಿಗೆ ಕಳಿಸುತ್ತಿದ್ದಾರೆ. ಇದನ್ನು ದಿಲಾವರನಿಗೆ ಹೇಳಲು ಬಾಯಿ ತೆರೆದರೆ ಅಳು ಬಂತು.

ಮರುದಿನ ಬೆಳಿಗ್ಗೆ ಇನ್ನಿಬ್ಬರು ಹೆಂಗಸರನ್ನೂ ಮಾಹೀರಾಳ ಬಾಯಿಗೆ ಒಪ್ಪಿಸಿ, ಅಟ್ಟದ ಡಬ್ಬಿ ಇಳಿಸಿ ಚೀಲಕ್ಕೆ ಹಾಕಿಕೊಂಡು ಅಕ್ತರ್ ಬೀ ಹೊರಟಳು. ತೇಜಸ್ವಿನಿಗೆ ಫೋನು ಮಾಡಲಿಲ್ಲ. ಮಾಡಿದರೆ ಸಮಿತಿ ಎನ್ನುತ್ತಾಳೆ, ನಿಯಮ ಎನ್ನುತ್ತಾಳೆ, ಅವಳ ಜಾಗ ಭರ್ತಿಯಾಗಿದೆ ಎನ್ನುತ್ತಾಳೆ. ನನ್ನ ಮನೆಯ ಹಿತ್ತಲ ಕೋಣೆ ಯಾವ ಸಮಿತಿಯದೂ ಅಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಕಾಯುತ್ತ ಕೂತಿದ್ದಳು. ಚಿತ್ರದುರ್ಗದಲ್ಲಿ ಒಂದು ಬಸ್ಸು, ಹೊಳಲ್ಕೆರೆಯಲ್ಲಿ ಇನ್ನೊಂದು. ಚಿಕ್ಕಜಾಜೂರು ದಾಟುವಾಗ ಕಂಡಕ್ಟರು 'ಜಾಜೂರು' ಎಂದು ಕೂಗಿದ. ಅವನ ದನಿಯನ್ನು ಅವಳು ಮೊದಲೇ ಕೇಳಿದ್ದಳು, ತನ್ನ ಮನೆಯ ಮೆಟ್ಟಿಲ ಮೇಲೆ.

ಜಂಪಣ್ಣ ಮನೆಯಲ್ಲಿರಲಿಲ್ಲ, ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಕುಂತ್ಕಳ್ರಿ ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಕೆಟ್ಟವಳಲ್ಲ. ಆಯಾಸಗೊಂಡವಳು. ಹೊಲದ ಕೆಲಸ, ಮನೆಗೆಲಸ, ಮಗಳಿಗೆ ಗಂಡು ನೋಡುವವರ ಓಡಾಟ, ಇದರ ನಡುವೆ ಕಣ್ಣು ತಪ್ಪಿಸಿದರೆ ಬಸ್ಸು ಹತ್ತುವ ನಾದಿನಿ. ಯಾರೋ ಬಂದು ನೋಡಿಕೊಳ್ಳಲು ನೆರವಾಗುತ್ತಾರೆ ಎಂದು ಸಂಸ್ಥೆಯವರು ಹೇಳಿದ್ದರಂತೆ, ಒಂದು ಸಲ ಬಂದು ಫೋಟೋ ಹೊಡೆದುಕೊಂಡು ಹೋದವರು ಆಮೇಲೆ ಕಾಣಲಿಲ್ಲವಂತೆ. ಮಲ್ಲಕ್ಕ ಎಲ್ಲಿ ಎಂದರೆ ಅವಳು ತಲೆ ತಗ್ಗಿಸಿಕೊಂಡು ಎದ್ದು, ಮೇವಿನ ಕೋಣೆಯ ಚಿಲಕ ತೆಗೆದಳು.

ಜೋಳದ ದಂಟಿನ ನಡುವೆ ಮಲ್ಲಕ್ಕ ಗೋಡೆಗೊರಗಿ ಕೂತಿದ್ದಳು. ಬಡವಾಗಿದ್ದಳು. ಹರಿದ ಗೋಣಿಯ ಎಳೆಗಳನ್ನು ಬೆರಳಲ್ಲಿ ಬಿಡಿಸುತ್ತಿದ್ದಳು, ಹತ್ತಿ ಬಿಡಿಸುತ್ತಿದ್ದ ಹಾಗೆಯೇ. ಕತ್ತೆತ್ತಿ ನೋಡಿದಳು. ಬೀ ಎಂದು ಕೂಗಲಿಲ್ಲ, ಓಡಿ ಬರಲಿಲ್ಲ. ಪಕ್ಕದ ನೆಲವನ್ನು ಕೈಯಿಂದ ಒರೆಸಿ ಜಾಗ ಮಾಡಿದಳು. ಅಕ್ತರ್ ಬೀ ಅಲ್ಲೇ ಕೂತು ಅವಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು.

"ಅವರು ಬರೋದ್ರೊಳಗೆ ಕರ್ಕಂಡು ಹೋಗ್ರಿ," ಎಂದಳು ಜಂಪಣ್ಣನ ಹೆಂಡತಿ. "ಅವರು ಕಳ್ಸಲ್ಲ. ಮಾತು ಬರ್ತೈತೆ ಅಂತಾರೆ. ಹಾರ ಹಾಕಿದ್ದ ಫೋಟೋ ತೆಗ್ದು ಕರ್ಕಂಡು ಬಂದೀನಿ, ಮತ್ತೆ ಹೆಂಗೆ ಕಳ್ಸಲಿ ಅಂತಾರೆ. ಚಿಲ್ಕ ಹಾಕೋಳು ನಾನು. ನನ್ ಕೈಲಾಗಲ್ಲ."

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಹಿರಿಯೂರಿಗೆ ಹೋಗಬೇಕೆಂದರೆ ಮತ್ತೆ ದುರ್ಗದ ಬಸ್ಸೇ ಹತ್ತಬೇಕು. ಮಲ್ಲಕ್ಕ ಅಕ್ತರ್ ಬೀಯ ಬುರ್ಖಾದ ತುದಿ ಹಿಡಿದುಕೊಂಡು ನಗುತ್ತ ನಡೆಯುತ್ತಿದ್ದಳು. ಕಿಟಕಿಗಳಲ್ಲಿ ಇಣುಕುವ ಕೆಲಸ ಇವತ್ತು ಇರಲಿಲ್ಲ. ಹೂ ಮಾರುವ ಹೆಂಗಸು ಮೊದಲು ನೋಡಿದಳು. ಇವಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀಯಮ್ಮ, ಇವಳು ಬಿ.ದುರ್ಗದವಳಲ್ಲವಾ ಎಂದಳು. ಹಿರಿಯೂರಿಗೆ ಎಂದಳು ಅಕ್ತರ್ ಬೀ. ನೀನು ಇವಳಿಗೆ ಏನಾಗಬೇಕು? ಆ ಪ್ರಶ್ನೆಗೆ ಅಕ್ತರ್ ಬೀ ಒಂದು ಗಳಿಗೆ ತಡವರಿಸಿದಳು. ಅಷ್ಟು ಸಾಕಾಯಿತು. ಬೀಡಾ ಅಂಗಡಿಯವನು ಬಂದ, ಇಬ್ಬರು ಕಂಡಕ್ಟರುಗಳು ಬಂದರು, ಸುತ್ತ ಜನ ಕಟ್ಟಿಕೊಂಡರು. ಬುದ್ಧಿ ಇಲ್ಲದ ಹೆಣ್ಣುಮಗಳನ್ನು ಗುರುತು ಪರಿಚಯವಿಲ್ಲದ ಬುರ್ಖಾದ ಹೆಂಗಸು ಎಲ್ಲಿಗೋ ಎಳೆದೊಯ್ಯುತ್ತಿದ್ದಾಳೆ. ಅವರಾದರೂ ಏನು ತಿಳಿಯಬೇಕು? ತಿಂಗಳುಗಟ್ಟಲೆ ಅವಳನ್ನು ಕಾಪಾಡಿ ಊರು ಮುಟ್ಟಿಸಿದವರು ಅವರೇ.

ಚೌಕಿಯಿಂದ ಬಾಲರಾಜು ಎಂಬ ಪೊಲೀಸಿನವನು ಬಂದ. ಕೂಗಾಡಲಿಲ್ಲ, ಬೆಂಚು ತೋರಿಸಿ ಕೂರಿಸಿದ. ಅಕ್ತರ್ ಬೀ ಎಲ್ಲ ಹೇಳಿದಳು, ಬೋರ್ಡು, ಯೋಜನೆ, ಮೇವಿನ ಕೋಣೆ ಎಲ್ಲ. ಅವನು ಜಂಪಣ್ಣನ ನಂಬರು ಹುಡುಕಿ ಫೋನು ಮಾಡಿದ. ಜಂಪಣ್ಣನಿಗೆ ಏನೂ ಗೊತ್ತಿರಲಿಲ್ಲ. ಯಾರು ಸಾರ್ ಕರೆದುಕೊಂಡು ಹೋದವರು, ನಮ್ಮ ಮನೆ ಹೆಣ್ಣುಮಗಳು ಅದು, ಬಸ್ಸು ಹತ್ತಿಸಿ ಕಳಿಸಿ ಎಂದು ಅವನು ಕಿರುಚುವುದು ಹೊರಗೂ ಕೇಳಿಸಿತು. ತೇಜಸ್ವಿನಿಗೂ ಫೋನು ಹೋಯಿತು. ಅವಳು ಗಾಬರಿಯಾದಳು. ಹೌದು, ಕಾನೂನು ಪ್ರಕಾರ ಕುಟುಂಬಕ್ಕೆ ಒಪ್ಪಿಸಿದ್ದೇವೆ, ನಮ್ಮ ಸಿಬ್ಬಂದಿಗೆ ಹೀಗೆ ಕರೆತರುವ ಅಧಿಕಾರವಿಲ್ಲ, ದೂರು ಇದ್ದರೆ ಸಮಿತಿಯ ಮುಂದೆ ಇಡೋಣ ಎಂದಳು.

"ಆಕೀನೇ ಕೇಳ್ರಿ," ಎಂದಳು ಅಕ್ತರ್ ಬೀ. "ಆಕಿ ಇಷ್ಟ ಕೇಳಬೇಕು ಅಂತ ಸರ್ಕಾರನೇ ಹೇಳೈತೆ."

ಅದೂ ಸರಿ ಎನ್ನಿಸಿತು ಬಾಲರಾಜುಗೆ. ಮಲ್ಲಕ್ಕನ ಎದುರು ಬಗ್ಗಿ ನಿಂತು, ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದ. "ಯಾವೂರಿಗೆ ಹೋಗ್ತೀಯವ್ವ?"

ಮಲ್ಲಕ್ಕ ಅಕ್ತರ್ ಬೀಯ ಮುಖ ನೋಡಿದಳು. ಅವಳಿಗೆ ಪ್ರಶ್ನೆ ಗುರುತು ಸಿಕ್ಕಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಹೇಳಿದಳು. "ಬೀ. ದುರ್ಗ."

ಜನರೆಲ್ಲ ಉಸಿರು ಬಿಟ್ಟರು. ಕೇಳಿದ್ರಲ್ಲ ಎಂದ ಕಂಡಕ್ಟರು.

"ಅದು ಊರಲ್ಲಪ್ಪ. ಬೀ ಅಂದ್ರೆ ನಾನು. ನನ್ ಹೆಸ್ರು ಅದು. ನನ್ನೇ ಕರೀತಾ ಇದ್ದಿದ್ದು ಇಷ್ಟು ದಿನಾನೂ."

ಬಾಲರಾಜು ಅವಳನ್ನು ಕರುಣೆಯಿಂದಲೇ ನೋಡಿದ. "ಬಿ ಬೇರೆ, ಬೀ ಬೇರೇನಾ ಅಮ್ಮ?"

ಅಕ್ತರ್ ಬೀ ಎದ್ದು ಮಲ್ಲಕ್ಕನ ಎರಡೂ ಭುಜ ಹಿಡಿದಳು. "ಮಲ್ಲಕ್ಕ, ನೋಡಿಲ್ಲಿ. ಹಿರಿಯೂರು ಅನ್ನು. ಹಿರಿಯೂರು, ಹಾಸಿಗೆ ಮನೆ. ಅನ್ನವ್ವ. ಒಂದ್ಸಲ ಅನ್ನು."

ಮಲ್ಲಕ್ಕನ ಮುಖದ ನಗು ಅಳಿಸಿಹೋಯಿತು. ಹೆದರಿದವಳ ಹಾಗೆ ತಲೆಯನ್ನು ಬಲವಾಗಿ ಅಲ್ಲಾಡಿಸಿದಳು. ಬೀ ಮೋಸ ಮಾಡಲು ನೋಡುತ್ತಿದ್ದಾಳೆ, ಆ ಮಾತು ಹೇಳಿದರೆ ಡಬ್ಬಿ ಮುಚ್ಚುತ್ತದೆ, ಅಷ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಹಿರಿಯೂರಲ್ಲ," ಎಂದಳು. ನಲವತ್ತು ಜನರ ಎದುರು ಸ್ಪಷ್ಟವಾಗಿ, ಒಂದಕ್ಷರ ತಡವರಿಸದೆ. "ಬೀ ದುರ್ಗ."

ಎಂದವಳು ಅಂಗೈ ಚಾಚಿದಳು.

ಅಕ್ತರ್ ಬೀ ಆ ಅಂಗೈಯನ್ನು ನೋಡುತ್ತ ನಿಂತಳು. ಉತ್ತರ ಸರಿಯಾಗಿತ್ತು. ತಾನೇ ಕಲಿಸಿದ್ದು, ಒಂದಕ್ಷರ ತಪ್ಪಿಲ್ಲ. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅಂಗೈ ತುಂಬ ಹುರಿಗಡಲೆ ಹಾಕಿದಳು. ಅಟ್ಟದಲ್ಲಿದ್ದು ಕಡಲೆ ಮುಗ್ಗಿತ್ತು. ಮಲ್ಲಕ್ಕ ಒಂದೊಂದಾಗಿ ಬಾಯಿಗೆ ಹಾಕಿಕೊಂಡಳು. ಪಾಪ, ಎಷ್ಟು ಪ್ರೀತಿ ನೋಡು ಎಂದಳು ಹೂವಿನ ಹೆಂಗಸು. ಒಂದು ಮೊಳ ಹೂವು ಹರಿದು ಮಲ್ಲಕ್ಕನ ಮುಡಿಗೆ ಮುಡಿಸಿದಳು.

ಬಿ.ದುರ್ಗದ ಬಸ್ಸು ಬಂತು. ಕಂಡಕ್ಟರು ತಾನೇ ಕೈ ಹಿಡಿದು ಹತ್ತಿಸಿ, ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ. ಅಕ್ತರ್ ಬೀ ಹತ್ತದ ಹಾಗೆ ಬಾಲರಾಜು ಅವಳ ಪಕ್ಕದಲ್ಲಿ ನಿಂತಿದ್ದ, ಮುಟ್ಟಲಿಲ್ಲ. ಮಲ್ಲಕ್ಕನಿಗೆ ಅಳುವೇನೂ ಬರಲಿಲ್ಲ. ಸರಿಯಾದ ಉತ್ತರ ಹೇಳಿದ್ದಳು, ಕಡಲೆ ಸಿಕ್ಕಿತ್ತು, ಬೀ ಕಣ್ಣೆದುರಿಗೇ ಇದ್ದಳು, ಇನ್ನು ಇಬ್ಬರೂ ದುರ್ಗಕ್ಕೆ ಹೋಗುವುದು ತಾನೇ. ಪಕ್ಕದ ಸೀಟನ್ನು ಕೈಯಿಂದ ಒರೆಸಿದಳು. ಯಾರೋ ಕೂರಲು ಬಂದರೆ ಅಡ್ಡ ಕೈ ಇಟ್ಟಳು.

"ಬೀ," ಎಂದಳು ಕಿಟಕಿಯಿಂದ, ಖಾಲಿ ಸೀಟು ತಟ್ಟಿ ತೋರಿಸುತ್ತ. "ಬೀ. ದುರ್ಗ."

ಗೊತ್ತಾತು ಕಣವ್ವ, ಅಲ್ಲಿಗೇ ಹೋಗೋದು ಎಂದು ಕಂಡಕ್ಟರು ಸೀಟಿ ಊದಿದ.